ನೆಲ ಮತ್ತು ಕಟ್ಟಡ ಬಿಟ್ಟು

ಹೊಸೂರು, ಬಾಗಲೂರು ರಸ್ತೆ, ಟೈರಂಗಡಿಯ ಮೇಲಿನ ಮಹಡಿ.
ನಮ್ಮ ಆಡಿಟರು ತಮಿಳಿನಲ್ಲಿ ಬೈಯುತ್ತಾರೆ,
ತೆಲುಗಿನಲ್ಲಿ ಟೀ ತರಿಸುತ್ತಾರೆ.
ನಾನು ಮಾತ್ರ ಕನ್ನಡದಲ್ಲೇ ಕೂಡುವುದು,
ತುಟಿ ಅಲುಗದ ಹಾಗೆ:
ಎರಡೊಂದ್ಲ ಎರಡು.

ಹಾವಿನ ವಿಷಕ್ಕೆ ಮದ್ದು ಮಾಡುವ ಕಂಪನಿಯ ಫೈಲು
ಹತ್ತು ವರ್ಷದಿಂದ ನನ್ನ ಮೇಜಿನದು.
ಸಂಶೋಧನೆಗೆ ಸುರಿದ ಒಂದು ರೂಪಾಯಿಯನ್ನು
ಎರಡೆಂದು ಎಣಿಸಿಕೊಳ್ಳಿ ಅಂದಿತ್ತು ಸರ್ಕಾರ,
ಆಮೇಲೆ ಒಂದೂವರೆ ಅಂದಿತು,
ಈಗ ಒಂದಕ್ಕೆ ಒಂದೇ.
ಅಳಿಯನಿಗೆ ಇಕ್ಕುವ ತುಪ್ಪದ ಹಾಗೆ;
ಮೊದಲ ವರ್ಷ ಧಾರೆ, ಮೂರನೆಯ ವರ್ಷ
ಚಮಚ ಕೆರೆದ ಸದ್ದು.

ಕಲಮಿನೊಳಗೆ ಒಂದು ಸಣ್ಣ ಮಾತಿತ್ತು:
ನೆಲ ಮತ್ತು ಕಟ್ಟಡ ಬಿಟ್ಟು.
ಹಾಗಾಗಿ ಕುದುರೆ ಲೆಕ್ಕಕ್ಕೆ ಬಂತು, ಲಾಯ ಬರಲಿಲ್ಲ.
ವಿಷ ಬಂತು, ಸೂಜಿ ಬಂತು, ಹುರುಳಿ ಬಂತು,
ನೊಣ ಓಡಿಸುವ ಫ್ಯಾನೂ ಬಂತು.
ಕುದುರೆ ಬೆನ್ನು ತುರಿಸಿಕೊಂಡ ಗೋಡೆ ಬರಲಿಲ್ಲ.
ಹೊರಳಿದ ಮಣ್ಣು ಬರಲಿಲ್ಲ.

ಡಾಕ್ಟರ್ ತಮಿಳರಸಿಗೆ ಒಂದೇ ಹಟ:
ಎಲ್ಲಿಯದೋ ಹಾವಿನ ವಿಷದಿಂದ ಮಾಡಿದ ಮದ್ದು
ಇಲ್ಲಿಯ ಹಾವಿಗೆ ಅರ್ಧ ಕಿವುಡು;
ನಮ್ಮ ರಾಗಿ ಹೊಲದ ಕೊಳಕುಮಂಡಲದ ವಿಷವನ್ನೇ
ನಮ್ಮ ಕುದುರೆಗೆ ಹನಿಹನಿ ಕಲಿಸಬೇಕು.
ಪುಣೆಯ ಹೂಡಿಕೆದಾರ ಬೂಟಿಗೆ ಸಗಣಿ ತಾಗದಂತೆ ನಿಂತು ಕೇಳಿದ,
ಲಾಭ ಯಾವಾಗ?
ಹಾವನ್ನು ಕೇಳಬೇಕು, ಅಂದರು ಆಕೆ.
ಅವನು ನಗಲಿಲ್ಲ. ನಾನು ನಕ್ಕು ಕೆಮ್ಮಿದೆ.
ಅವನ ಲೆಕ್ಕವೇನೂ ತಪ್ಪಲ್ಲ:
ಕಚ್ಚಿಸಿಕೊಳ್ಳುವವರು ಕಳೆ ಕೀಳುವವರು,
ಕಳೆ ಕೀಳುವವರ ಜೇಬು ಸೀರೆಯ ಸೆರಗಿನ ಗಂಟು.
ಒಂದೂವರೆ ಒಂದಾದ ವರ್ಷ
ಅವನು ಬರಲಿಲ್ಲ, ಅವನ ಕಾಗದ ಬಂತು.

ನಮ್ಮ ಚಿಕ್ಕವ್ವನಿಗೆ ತಳಿಯ ಹತ್ತಿರ ಕಚ್ಚಿದಾಗ
ಹತ್ತೊಂಬತ್ತು ಶೀಶೆ.
ಆಸ್ಪತ್ರೆಯ ಬಕೆಟ್ಟಿನಲ್ಲಿ ಖಾಲಿ ಬಿದ್ದಿದ್ದವು.
ಬ್ಯಾಚ್ ಸಂಖ್ಯೆ ನೋಡಿದೆ, ಅಭ್ಯಾಸ.
ನಾನೇ ಟಿಕ್ ಹಾಕಿದ ವರ್ಷದ್ದು.
ಎಡಗಾಲಿನ ಎರಡು ಬೆರಳು ಹೋದವು, ಚಿಕ್ಕವ್ವ ಉಳಿದಳು.
ಅದನ್ನು ಯಾವ ಕಾಲಂನಲ್ಲಿ ಬರೆಯಲಿ ಎಂದು
ಆ ಮೇಲೆ ಎಷ್ಟೋ ರಾತ್ರಿ—
ಇರಲಿ.

ಈ ಮಾರ್ಚಿನಲ್ಲಿ ಆಸ್ತಿ ಸಂಖ್ಯೆ ಹದಿನೇಳನ್ನು ತೆಗೆದುಹಾಕಬೇಕಿತ್ತು.
ಹೆಣ್ಣು, ಕಂದು ಬಣ್ಣ, ವಯಸ್ಸು ಹತ್ತೊಂಬತ್ತು,
ರಕ್ತ ತೆಗೆಯಲು ಇನ್ನು ಆಗದು.
ಅದಕ್ಕೂ ಕಾನೂನಿನಲ್ಲಿ ಸಾಲಿದೆ:
ಸತ್ತ ಅಥವಾ ಶಾಶ್ವತವಾಗಿ ನಿರುಪಯುಕ್ತವಾದ ಪ್ರಾಣಿ,
ಕೊಂಡ ಬೆಲೆಯಿಂದ ಬಂದ ಬೆಲೆ ಕಳೆದು ಉಳಿದದ್ದು ನಷ್ಟ.
ಬಂದ ಬೆಲೆ? ಎಂದು ಕೇಳಿದೆ.

ಲಾಯದ ತಿಮ್ಮರಾಯಪ್ಪ ಕತ್ತಿನ ಗಂಟುಗಳ ಮೇಲೆ
ಬೇವಿನೆಣ್ಣೆ ಹಚ್ಚುತ್ತಿದ್ದ.
"ಇವಳು ಕೆಂಪಿ ಕಣಮ್ಮ. ಹದಿನೇಳು ಅಂದ್ರೆ ತಿರುಗಾಕಿಲ್ಲ.
ನಾನೇ ಹೊಡ್ಕೊಂಡೋಗ್ತೀನಿ."
ಪುಕ್ಕಟೆ ಕೊಡುವ ಹಾಗಿಲ್ಲ, ಪ್ರಶ್ನೆ ಬರುತ್ತದೆ, ಅಂದೆ.
ಅವನು ಎಣ್ಣೆಗೈ ಒರೆಸಿ ಜೇಬು ತಡಕಿದ,
ಬೀಡಿ, ಬಸ್ ಚೀಟಿ, ಒಂದು ರೂಪಾಯಿ.
"ಇದ ಎಷ್ಟು ಅಂತ ಎಣಿಸ್ತೀರಾ?"

ಒಂದು, ಅಂದೆ.
ರಸೀದಿ ಹರಿದೆ. ಅವನ ಹೆಬ್ಬೆರಳು ಎಣ್ಣೆಯಲ್ಲೇ ಮೂಡಿತು,
ಶಾಯಿ ಬೇಕಾಗಲಿಲ್ಲ.

ಭಾನುವಾರ ಕೆಲವರಪಳ್ಳಿ ಕಡೆ ಹೋಗುವಾಗ
ಬಸ್ಸಿನಿಂದ ಕಂಡಳು, ಕೊಯ್ದ ರಾಗಿಯ ಕೂಳೆಯಲ್ಲಿ,
ನೊರೆ ಹೊತ್ತ ಪೆನ್ನೆಗೆ ಬೆನ್ನು ಮಾಡಿ.
ನಾಲ್ಕೂ ಕಾಲು ಮೇಲೆತ್ತಿ ಹೊರಳಿದಳು,
ಎದ್ದಳು, ಮೈ ಕೊಡವಿದಳು.
ಲೆಕ್ಕಕ್ಕೆ ಬಾರದ ಮಣ್ಣು
ಅಷ್ಟೆತ್ತರ ಎದ್ದಿತು.